ಕೂಗು ಕೇಳುತ್ತೆ, ಹಕ್ಕಿ ಕಾಣಲ್ಲ

ಪ್ರಶ್ನೆ: ನಾನು ತುಮಕೂರಿನವನು. ಎರಡು ವರ್ಷದಿಂದ ಹಕ್ಕಿ ನೋಡುವ ಹುಚ್ಚು ಹಿಡಿದಿದೆ. ದೇವರಾಯನದುರ್ಗದಲ್ಲಿ ಹಳದಿ ಕೊರಳಿನ ಪಿಕಳಾರ (ಬುಲ್‌ಬುಲ್) ಇದೆ, ಮರಿ ಮಾಡುವುದೂ ಅಲ್ಲೇ ಅಂತ ಎಲ್ಲರೂ ಹೇಳುತ್ತಾರೆ. ಈ ವರ್ಷ ಐದು ಭಾನುವಾರ ಹೋಗಿ ಬಂದೆ. ಪ್ರತಿ ಸಲವೂ ಪೊದೆಯೊಳಗಿಂದ ಜೋರಾಗಿ ಕೂಗು ಕೇಳಿಸುತ್ತೆ, ಹಕ್ಕಿ ಮಾತ್ರ ಹೊರಗೆ ಬರಲ್ಲ. ನನ್ನ ಅದೃಷ್ಟ ಸರಿ ಇಲ್ಲವೋ, ಹೋದ ಜಾಗ ಸರಿ ಇಲ್ಲವೋ?

ಉತ್ತರ: ಅದೃಷ್ಟದ ಮಾತು ಬಿಡಿ ಸಾರ್. ನೀವು ಕೇಳಿದ್ದು ಬೇರೆ ಹಕ್ಕಿಯ ಕೂಗು ಅಂತ ನನ್ನ ಅನುಮಾನ. ಅದೇ ಗುಡ್ಡದ ಅದೇ ಪೊದೆಗಳಲ್ಲಿ ಬಿಳಿ ಹುಬ್ಬಿನ ಪಿಕಳಾರ ಅಂತ ಇನ್ನೊಂದಿದೆ. ಅದು ಸಂಖ್ಯೆಯಲ್ಲೂ ಜಾಸ್ತಿ, ಗಲಾಟೆಯಲ್ಲೂ ಜಾಸ್ತಿ. ಬಾಯಲ್ಲಿ ನೀರು ತುಂಬಿಕೊಂಡು ಯಾರೋ ಗುಳುಗುಳು ಅಂತ ಮುಕ್ಕಳಿಸಿದ ಹಾಗೆ ಇದ್ದಕ್ಕಿದ್ದಂತೆ ಕೂಗಿ, ಮರುಕ್ಷಣ ಏನೂ ಆಗಿಲ್ಲ ಅನ್ನೋ ಹಾಗೆ ಸುಮ್ಮನಾಗಿಬಿಡುತ್ತೆ. ಹಳದಿ ಕೊರಳಿನದರ ಕೂಗೂ ಇದಕ್ಕೆ ಬಹಳ ಹತ್ತಿರ. ಹಾಗಾಗಿ ಬರೀ ಕಿವಿ ನಂಬಿ ತೀರ್ಮಾನ ಮಾಡಬೇಡಿ. ನನ್ನ ಹಳೇ ನೋಟ್‌ಬುಕ್‌ನಲ್ಲಿ ಒಂದು ಪುಟ ಇದೆ: 'ಹಳದಿ ಕೊರಳು, ಮೂರು, ಕೂಗು ಮಾತ್ರ'. ಅದನ್ನು ಬರೆದ ದಿನ ಎಷ್ಟು ಖುಷಿಯಾಗಿತ್ತೋ, ಮುಂದಿನ ವರ್ಷ ಅದೇ ಪೊದೆಯಿಂದ ಬಿಳಿ ಹುಬ್ಬಿನವು ಸಾಲಾಗಿ ಆಚೆ ಬಂದಾಗ ಅಷ್ಟೇ ನಾಚಿಕೆಯಾಯಿತು. ಆ ಸಾಲಿನ ಮೇಲೆ ಗೀಟು ಹಾಕಿದ್ದೇನೆ, ಪುಟ ಹರಿದಿಲ್ಲ.

ಹಾಗಾಗಿ ಮೊದಲ ಕೆಲಸ, ಬಿಳಿ ಹುಬ್ಬಿನದನ್ನು ಚೆನ್ನಾಗಿ ನೋಡಿಕೊಳ್ಳಿ. ಅದರ ಕಣ್ಣಿನ ಮೇಲೆ ಬಿಳಿ ಗೆರೆ, ಮೈ ಬೂದು ಸೇರಿದ ಮಾಸಲು ಹಸಿರು. ಹಳದಿ ಕೊರಳಿನದಕ್ಕೆ ಆ ಹುಬ್ಬು ಇಲ್ಲ. ತಲೆಯೆಲ್ಲ ಹಳದಿ ಮಿಶ್ರ ಹಸಿರು, ಗಂಟಲು ಅಚ್ಚ ಹಳದಿ, ಎದೆ ಬೂದು, ಬಾಲದ ಬುಡದ ಕೆಳಗೆ ಮತ್ತೆ ಹಳದಿ. ಗಂಟಲು ನೋಡೋಕೆ ಹಕ್ಕಿ ನಿಮ್ಮ ಕಡೆ ತಿರುಗಬೇಕು, ಅದು ತಿರುಗಲ್ಲ. ನನಗೆ ಮೊದಲ ಸಲ ಗುರುತು ಸಿಕ್ಕಿದ್ದು ಬಾಲದಿಂದ. ಬಂಡೆಯ ಸೀಳಿನಲ್ಲಿ ಹುಟ್ಟಿದ ಗೋಣಿ ಮರದಿಂದ ಒಂದು ಹಕ್ಕಿ ಕೆಳಗಿನ ಪೊದೆಗೆ ಜಾರಿತು. ಇಳಿಯುವಾಗ ಬಾಲ ಬಿಚ್ಚಿಕೊಂಡಿತು, ಗರಿಗಳ ತುದಿಯಲ್ಲಿ ಸುಣ್ಣ ತಾಗಿಸಿದ ಹಾಗೆ ತಿಳಿ ಬಣ್ಣ. ಎರಡು ಸೆಕೆಂಡು, ಅಷ್ಟೇ. ಆಮೇಲೆ ಮುಕ್ಕಾಲು ಗಂಟೆ ಕಾದೆ. ಅದು ಅದೇ ಮರಕ್ಕೆ ವಾಪಸ್ ಬಂದು ಒಂದು ಹಣ್ಣು ಕಿತ್ತು, ಕೊಂಬೆಗೆ ಕೊಕ್ಕು ಒರೆಸಿಕೊಂಡು, ಆಗ ತಿರುಗಿತು ನೋಡಿ!

ಇನ್ನು ಜಾಗ. ದುರ್ಗಕ್ಕೆ ಹೋದವರೆಲ್ಲ ಒಂದೋ ನಾಮದ ಚಿಲುಮೆಯಲ್ಲಿ ಕೂತುಬಿಡುತ್ತಾರೆ, ಇಲ್ಲಾ ಸೀದಾ ಮೇಲಿನ ಯೋಗನರಸಿಂಹನ ಗುಡಿವರೆಗೆ ಹತ್ತಿಬಿಡುತ್ತಾರೆ. ಚಿಲುಮೆಯ ಮರಗಳ ನೆರಳಲ್ಲಿ ಬೇರೆ ಒಳ್ಳೊಳ್ಳೆ ಹಕ್ಕಿಗಳಿವೆ, ನಿಜ. ಮೇಲಕ್ಕೆ ಹೋದರೆ ಕೋತಿಗಳಿವೆ. ಈ ಪಿಕಳಾರಕ್ಕೆ ಬೇಕಾಗಿರೋದು ಬಂಡೆ ಮತ್ತು ಕುರುಚಲು ಕೂಡುವ ಇಳಿಜಾರು: ದೊಡ್ಡ ದೊಡ್ಡ ಗುಂಡುಗಳು, ಸಂದಿಯಲ್ಲಿ ಬೇರು ಬಿಟ್ಟ ಆಲ, ಗೋಣಿ, ಬಸರಿ, ಸುತ್ತ ಮುಳ್ಳುಪೊದೆ, ಲಂಟಾನ, ಅಲ್ಲಲ್ಲಿ ಗಂಧದ ಗಿಡ. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಈ ಹಕ್ಕಿ ಇಲ್ಲ. ಜರ್ಡನ್ ಅನ್ನೋ ಬ್ರಿಟಿಷ್ ವೈದ್ಯರು 1840ರ ದಶಕದಲ್ಲೇ ಇದನ್ನು ಗುರುತಿಸಿ ಹೆಸರಿಟ್ಟರು. ನಮ್ಮ ಮನೆ ಬಾಗಿಲಲ್ಲೇ ಇರುವ ಹಕ್ಕಿ, ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ ಅಲ್ವಾ?

ಮುಂದಿನ ಸಲ ಹೀಗೆ ಮಾಡಿ. ಭಾನುವಾರ ಬಿಟ್ಟು ಬೇರೆ ದಿನ ಹೋಗಿ. ಬೆಳಕು ಹರಿಯುವಷ್ಟರಲ್ಲಿ ರಸ್ತೆ ಬದಿಯಿಂದಲೇ ಕಾಣುವ ಒಂದು ಇಳಿಜಾರು ಆರಿಸಿಕೊಂಡು, ಅಲ್ಲಿ ಹಣ್ಣು ಬಿಟ್ಟ ಒಂದು ಮರ ನೋಡಿ ಕೂತುಬಿಡಿ. ಓಡಾಡಬೇಡಿ. ಒಂದೂವರೆ ಗಂಟೆ ಅಲ್ಲೇ ಕೂರೋದು. ಬೇಸಿಗೆಯಾದರೆ ಹಣ್ಣಿನ ಮರಕ್ಕಿಂತ ದೊಣೆ, ಅಂದರೆ ಬಂಡೆಯಲ್ಲಿ ನೀರು ನಿಲ್ಲುವ ಗುಂಡಿ, ಒಳ್ಳೆಯದು. ನೀರು ಉಳಿದಿರುವ ದೊಣೆಗೆ ಸುತ್ತಲಿನ ಹಕ್ಕಿಯೆಲ್ಲ ಬಂದೇ ಬರುತ್ತವೆ. ಒಂದು ಮಾತು, ಬಂಡೆ ಸಂದಿಯೊಳಗೆ ಮಾತ್ರ ತಲೆ ಹಾಕಬೇಡಿ. ಆ ಗುಡ್ಡದಲ್ಲಿ ಕರಡಿಯೂ ಇದೆ, ಚಿರತೆಯೂ ಇದೆ.

ಮರಿ ಮಾಡುತ್ತಿದೆಯಾ ಅಂತ ತಿಳಿಯೋಕೆ ಗೂಡು ಹುಡುಕಲೇಬೇಕು ಅಂತಿಲ್ಲ. ಜೋಡಿ ಒಂದೇ ಪೊದೆಗೆ ಪದೇಪದೇ ಬರುತ್ತಿದ್ದರೆ, ಕೊಕ್ಕಲ್ಲಿ ಒಣಹುಲ್ಲೋ ನಾರೋ ಇದ್ದರೆ, ಕಂಬಳಿಹುಳ ಹಿಡಿದ ಹಕ್ಕಿ ಅದನ್ನು ನುಂಗದೆ ಸುಮ್ನೆ ಕೂತು ನಿಮ್ಮನ್ನೇ ನೋಡುತ್ತಿದ್ದರೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ. ಆ ಕೊನೆಯದು ಕಂಡರೆ ತಕ್ಷಣ ಎದ್ದು ಬನ್ನಿ. ನೀವು ಅಲ್ಲಿರುವವರೆಗೂ ಆ ಹುಳ ಮರಿಯ ಬಾಯಿಗೆ ಹೋಗಲ್ಲ.

ಪ್ರಶ್ನೆ: ಮೊಬೈಲ್‌ನಲ್ಲಿ ಅದರದೇ ಕೂಗು ಹಾಕಿದರೆ ಹಕ್ಕಿ ಹತ್ತಿರ ಬರುತ್ತಂತೆ. ನಂದಿಬೆಟ್ಟದಲ್ಲಿ ಪ್ರಯತ್ನಿಸಬಹುದಾ? (ಚಿಕ್ಕಬಳ್ಳಾಪುರದ ಓದುಗರು)

ಉತ್ತರ: ಬರುತ್ತೆ, ಅದಕ್ಕೇ ಬೇಡ ಅನ್ನೋದು. ಬೇರೆ ಗಂಡು ತನ್ನ ಜಾಗಕ್ಕೆ ನುಗ್ಗಿದೆ ಅಂದುಕೊಂಡು ಅದು ಜಗಳಕ್ಕೆ ಬರುವುದು, ನಿಮಗೆ ಫೋಟೋ ಕೊಡೋಕಲ್ಲ. ಅಷ್ಟು ಹೊತ್ತು ಗೂಡಿನ ಕಾವಲು ತಪ್ಪಿತು. ಕೆಂಬೂತಕ್ಕೋ ಕಾಗೆಗೋ ಅಷ್ಟು ಸಾಕು. ನೀವೊಬ್ಬರೇ ಆದರೆ ಹೋಗಲಿ ಅನ್ನಬಹುದಿತ್ತೇನೋ, ವಾರದ ಕೊನೆಯಲ್ಲಿ ನಂದಿಗೆ ಎಷ್ಟು ಕಾರು ಹತ್ತುತ್ತವೆ ಅಂತ ನಿಮಗೇ ಗೊತ್ತು. ಬಂದವರೆಲ್ಲ ಒಂದೊಂದು ಸಲ ಕೂಗು ಹಾಕಿದರೆ ಆ ಹಕ್ಕಿ ದಿನವಿಡೀ ಇಲ್ಲದ ಶತ್ರುವಿನ ಜೊತೆ ಜಗಳ ಆಡುತ್ತಲೇ ಇರಬೇಕು. ಅಂದಹಾಗೆ 1478 ಮೀಟರ್ ಎತ್ತರದ ಆ ತುದಿಯ ತೋಟದಲ್ಲಿ ಹುಡುಕಬೇಡಿ. ಬುಡದಿಂದ ಹತ್ತುವ ಹಳೇ ಮೆಟ್ಟಿಲು ದಾರಿಯ ಅಕ್ಕಪಕ್ಕದ ಬಂಡೆಗಳನ್ನು ನೋಡಿ. ಮಂಡಿ ನೋವಿದ್ದರೆ ಅರ್ಧಕ್ಕೇ ಕೂತರೂ ನಡೆಯುತ್ತೆ, ನಾನಂತೂ ಅರ್ಧಕ್ಕೇ ಕೂರೋದು.

ಪ್ರಶ್ನೆ: ನಮ್ಮೂರಿನ ಗುಡ್ಡದಲ್ಲಿ ಹುಡುಗರು ಒಂದು ಗೂಡು ನೋಡಿದ್ದಾರೆ, ಇದೇ ಹಕ್ಕಿ ಅಂತಾರೆ. ಪಕ್ಕದ ಗುಡ್ಡದಲ್ಲಿ ಕಲ್ಲು ಕ್ವಾರಿ ನಡೀತಿದೆ. ಗೂಡಿನ ಫೋಟೋ ವಾಟ್ಸಾಪ್‌ನಲ್ಲಿ ಹಾಕಿದರೆ ಏನಾದರೂ ಉಪಯೋಗ ಆದೀತಾ? (ಮುಳಬಾಗಿಲು ತಾಲೂಕಿನ ಓದುಗರು)

ಉತ್ತರ: ಗೂಡಿನ ಫೋಟೋದಿಂದ ಉಪಯೋಗ ಇಲ್ಲ, ಕಾಟ ಇದೆ. ಗ್ರೂಪಿಗೆ ಹಾಕಿದ ಮರುದಿನ ಕ್ಯಾಮೆರಾ ಹಿಡಿದವರು ಬಂದು, ಅಡ್ಡ ಬಂತು ಅಂತ ಎರಡು ಕೊಂಬೆ ಸರಿಸುತ್ತಾರೆ, ನೆರಳು ಹೋಗುತ್ತೆ, ಮರಿ ಬಿಸಿಲಿಗೆ ಬೀಳುತ್ತೆ. ಗೂಡು ಕೆದಕುವುದು, ಮೊಟ್ಟೆ ಮುಟ್ಟುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಯ ಲೆಕ್ಕಕ್ಕೇ ಬರುತ್ತೆ ಅಂತ ಆ ಹುಡುಗರಿಗೂ ಹೇಳಿ. ಬೈಯಬೇಡಿ, ನೋಡಿದವರು ಅವರೇ ತಾನೇ.

ಗೂಡಿನದಲ್ಲ, ಗೂಡಿಗೆ ಬಂದುಹೋಗುವ ದೊಡ್ಡ ಹಕ್ಕಿಯ ಫೋಟೋ ದೂರದಿಂದ ತೆಗೆಯಿರಿ. ಗಂಟಲೋ ಬಾಲದ ತುದಿಯೋ ಕಂಡರೆ ಸಾಕು. ಊರಲ್ಲಿ ಸಾಮಾನ್ಯವಾಗಿ ಸಿಗುವುದು ಕಪ್ಪು ತಲೆ, ಬಾಲದ ಬುಡದಲ್ಲಿ ಕೆಂಪು ಇರುವ ಪಿಕಳಾರದ ಗೂಡು. ಮೊದಲು ಅದಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ನಿಜವಾಗಿ ಹಳದಿ ಕೊರಳಿನದೇ ಆದರೆ ವಿಷಯ ದೊಡ್ಡದು. ಅಳಿವಿನ ಅಪಾಯದಲ್ಲಿರುವ ಹಕ್ಕಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಇದರ ಹೆಸರಿದೆ, ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ನಿಮ್ಮ ಪಕ್ಕದ ಗುಡ್ಡದಲ್ಲಿ ನಡೀತಿರೋ ಕೆಲಸವೇ. ಗೋಣಿ ಮರ ಕಡಿದರೆ ಇನ್ನೊಂದು ನೆಡಬಹುದು, ಬಂಡೆ ಒಡೆದರೆ ಏನು ನೆಡೋದು? ದಿನಾಂಕ, ಗುಡ್ಡದ ಹೆಸರು, ಸರ್ವೆ ನಂಬರು ಗೊತ್ತಿದ್ದರೆ ಅದೂ, ಜೊತೆಗೆ ಫೋಟೋ ಇಟ್ಟು ವಲಯ ಅರಣ್ಯಾಧಿಕಾರಿಗಳಿಗೆ ಬರಹದಲ್ಲಿ ಅರ್ಜಿ ಕೊಡಿ. ಒಂದು ಪ್ರತಿ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ. ಎರಡಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳೋದು ಮರೀಬೇಡಿ, ಬಾಯಿಮಾತಿಗೆ ಬೆಲೆ ಇಲ್ಲ.

ಗೂಡಿನ ಫೋಟೋ ಬೇಕೇ ಬೇಕು ಅಂದರೆ ಒಂದೂವರೆ ತಿಂಗಳು ಬಿಟ್ಟು ಹೋಗಿ. ಅಷ್ಟರಲ್ಲಿ ಮರಿ ಹಾರಿಹೋಗಿರುತ್ತೆ, ಖಾಲಿ ಗೂಡನ್ನು ಎಷ್ಟು ಹತ್ತಿರದಿಂದ ಬೇಕಾದರೂ ತೆಗೀರಿ.