ಸಮುದ್ರದ ತಳ ಕೊರೆದು ಏನು ತೆಗೀತಾರೆ?

ಮೇಡಂ, ಶ್ರೀನಿವಾಸಪುರದ ನಿಮ್ಮ ಶಾಲೆಯ ಹುಡುಗ ಕೇಳಿದ್ದು ಒಳ್ಳೆ ಪ್ರಶ್ನೆ: "ನಾವು ನೀರಿಗೆ ಬೋರ್ ಕೊರೆಸ್ತೀವಿ, ಸಮುದ್ರದಲ್ಲಿ ಯಾಕೆ ಕೊರೀತಾರೆ?" ಅಲ್ಲಿ ಕೊರೆಯುವ ವಿಜ್ಞಾನಿಗಳಿಗೆ ಬೇಕಾಗಿರುವುದು ಮಣ್ಣು, ಕಲ್ಲೇ. ನಮ್ಮ ಬೋರ್‌ವೆಲ್ ಲಾರಿ ಕಲ್ಲನ್ನು ಪುಡಿ ಮಾಡಿ ಗಾಳಿಯಿಂದ ಹೊರಗೆ ತಳ್ಳುತ್ತದೆ. ಸಮುದ್ರ ಕೊರೆಯುವ ಸಂಶೋಧನಾ ಹಡಗಿನವರು ಟೊಳ್ಳು ಕೊಳವೆ ಇಳಿಸಿ, ಪದರಗಳು ಕಲಸಿಹೋಗದಂತೆ ಒಂದು ಸಲಕ್ಕೆ ಸುಮಾರು 9.5 ಮೀಟರ್ ಉದ್ದದ ಮಣ್ಣನ್ನು ಇದ್ದ ಹಾಗೇ ಎತ್ತುತ್ತಾರೆ. ಆಮೇಲೆ 1.5 ಮೀಟರ್ ತುಂಡು ಮಾಡಿ ಉದ್ದಕ್ಕೆ ಸೀಳುತ್ತಾರೆ. ಒಂದು ಹೋಳು ಪರೀಕ್ಷೆಗೆ. ಇನ್ನೊಂದನ್ನು ಮುಂದಿನವರಿಗಾಗಿ ಜೋಪಾನವಾಗಿ ಇಡುತ್ತಾರೆ.

2015ರಲ್ಲಿ 'ಜಾಯ್ಡೀಸ್ ರೆಸಲ್ಯೂಷನ್' ಹಡಗು ಅರಬ್ಬಿ ಸಮುದ್ರದಲ್ಲೇ, ಸುಮಾರು 3,600 ಮೀಟರ್ ನೀರಿನ ಕೆಳಗೆ, ಮತ್ತೆ 1,100 ಮೀಟರ್ ಕೊರೆಯಿತು. ಸಿಂಧೂ ನದಿ ಹಿಮಾಲಯದ ಕಡೆಯಿಂದ ತಂದ ಮಣ್ಣು ಸಿಕ್ಕಿತು. ಹಳೆಯ ಮುಂಗಾರಿನ ಗುರುತುಗಳು ಅದರಲ್ಲಿವೆ. ಸುಮಾರು ಒಂದು ಕೋಟಿ ವರ್ಷದ ಹಿಂದೆ ಸಮುದ್ರದೊಳಗೆ ಆದ ಭಾರೀ ಕುಸಿತದ ರಾಶಿಯೂ ಸಿಕ್ಕಿತು. ಅದಕ್ಕೆ ವಿಜ್ಞಾನಿಗಳಿಟ್ಟ ಹೆಸರು ನಟರಾಜ!

ಆ ಹಡಗಿನಿಂದ ಶಾಲೆಗಳ ಜೊತೆ ನೇರ ವಿಡಿಯೊ ಮಾತುಕತೆ ನಡೆಯುತ್ತಿತ್ತು. 2024ರಲ್ಲಿ ಅದರ ಕೊರೆಯುವ ಕೆಲಸ ನಿಂತಿದ್ದು ನನಗೆ ನಿಜಕ್ಕೂ ಬೇಜಾರು. ಆದರೆ ವರದಿ, ಫೋಟೊ ಎಲ್ಲ ಉಚಿತವಾಗಿ ಸಿಗುತ್ತವೆ. ಸುಮ್ನೆ ಪಾಠ ಓದಿಸಬೇಡಿ. ಸೀಳಿದ ಮಣ್ಣಿನ ಫೋಟೊ ಕೊಟ್ಟು, ಬಣ್ಣ ಎಲ್ಲೆಲ್ಲಿ ಬದಲಾಗಿದೆ ಅಂತ ಮಕ್ಕಳೇ ಹುಡುಕಲಿ.