ಬಾಗಿಲವರೆಗೂ ಹತ್ತಿ ಬಿತ್ತಿಸಿದವರು ಯಾರು?

ಹಾಸನದ ಓದುಗರೊಬ್ಬರು ಕೇಳಿದ್ದಾರೆ: ‘1930ರ ದಶಕದ ಅಮೆರಿಕದ ದಕ್ಷಿಣ ರಾಜ್ಯಗಳ ಬಡತನದ ಬಗ್ಗೆ ಓದಿದೆ. ಬಾಗಿಲವರೆಗೂ ಹತ್ತಿ ಬಿತ್ತಿ, ಹಿತ್ತಲಲ್ಲಿ ನಾಲ್ಕು ತರಕಾರಿ ಬೆಳೆಯದವರು ಹಸಿದರೆ ತಪ್ಪು ಯಾರದು? ಆ ಹೆಂಗಸರಿಗೆ ಸಂಸಾರ ತೂಗಿಸಲು ಬರಲಿಲ್ಲವೇ?’

ಕೈತೋಟವಿದ್ದ ಮನೆ ಚೆನ್ನಾಗಿ ಉಂಡಿತು, ಒಪ್ಪುತ್ತೇನೆ. ಎರಡನೇ ಪ್ರಶ್ನೆಯನ್ನು ಮಾತ್ರ ನಿಮ್ಮಂಥ ತಿಳಿದವರು ಕೇಳಬಾರದಿತ್ತು.

ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಧಣಿಯ ಹೊಲ ಉಳುವವನ ಲೆಕ್ಕ ನೋಡಿ. ಒಂದು ಬೇಲು ಅಂದರೆ ಸುಮಾರು 500 ಪೌಂಡ್ ಹತ್ತಿ. 1929ರಲ್ಲಿ ಪೌಂಡಿಗೆ 17 ಸೆಂಟಿನಷ್ಟಿದ್ದ ಬೆಲೆ 1932ರಲ್ಲಿ ಆರರ ಆಸುಪಾಸಿಗೆ ಬಿತ್ತು. 85 ಡಾಲರಿನ ಬೇಲು 30ಕ್ಕೆ ಬಂತು, ಅರ್ಧ ಧಣಿಗೆ. ಉಳಿದರ್ಧದಲ್ಲಿ ಗೊಬ್ಬರದ ಪಾಲು, ಮಾರ್ಚಿನಿಂದ ಅಂಗಡಿಯಲ್ಲಿ ಬರೆಸಿದ ಉದ್ರಿ, ಅದರ ಬಡ್ಡಿ. ಆ ಉದ್ರಿಗೆ ಆಧಾರವೇ ಹತ್ತಿ ಬೆಳೆ. ಹುರುಳಿಕಾಯಿ ನಂಬಿ ಯಾವ ಸಾಹುಕಾರ ಸಾಲ ಕೊಟ್ಟಾನು?

ಬೆಳೆದ ಹುರುಳಿಕಾಯಿ ಚಳಿಗಾಲಕ್ಕೂ ಉಳಿಯಬೇಕಲ್ಲ. ಟೊಮ್ಯಾಟೊದಲ್ಲಿ ಹುಳಿಯಿದೆ, ಬಾಟಲಿ ಸಮೇತ ಕುದಿಸಿದರೆ ಸಾಕಿತ್ತು. ಹುರುಳಿಕಾಯಿಗೆ ಅದು ಸಾಲದು. ಬೊಟುಲಿಸಂ ವಿಷ ಹುಟ್ಟಿಸುವ ಬೀಜಾಣು 100 ಡಿಗ್ರಿಗೆ ಸಾಯುವುದಿಲ್ಲ. ಒತ್ತಡದ ಪಾತ್ರೆ ಬೇಕು, 10 ಪೌಂಡ್ ಒತ್ತಡದಲ್ಲಿ ಸುಮಾರು 116 ಡಿಗ್ರಿ. ಒಳಗಿನ ಗಾಳಿಯನ್ನು ಮೊದಲು ಪೂರ್ತಿ ಹೊರಬಿಡದಿದ್ದರೆ ಮುಳ್ಳು ಹತ್ತು ತೋರಿಸುತ್ತದೆ, ಶಾಖ ಅಷ್ಟು ಏರಿರುವುದಿಲ್ಲ. ಆ ಪಾತ್ರೆ ಕೊಳ್ಳಲು ದುಡ್ಡೆಲ್ಲಿತ್ತು?

ಸಂಸಾರ ತೂಗಿಸುವುದೆಂದರೆ ಏನೆಂದು ಆ ಹೆಂಗಸರು ಬಟ್ಟೆ ಹೊಲಿಯುತ್ತಿದ್ದ ಮೇವಿನ, ಹಿಟ್ಟಿನ ಚೀಲಗಳಲ್ಲಿ ನೋಡಿ. 100 ಪೌಂಡಿನ ಹತ್ತಿಬಟ್ಟೆಯ ಚೀಲ, ಬಾಯಿಗೆ ಸರಪಳಿ ಹೊಲಿಗೆ. ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ, ತಪ್ಪು ತುದಿ ಎಳೆದರೆ ಗಂಟು. ಬಿಚ್ಚಿದ ದಾರವನ್ನು ಉಂಡೆ ಸುತ್ತಿ ಕೌದಿಗೆ ಇಡುತ್ತಿದ್ದರು. ಕಂಪನಿಯ ಅಚ್ಚಿಗೆ ಹಂದಿಕೊಬ್ಬು ಸವರಿ ಅಥವಾ ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಕಾಸ್ಟಿಕ್ ಸೋಪಿನಲ್ಲಿ ಉಜ್ಜಬೇಕು. ಅವಸರಪಟ್ಟರೆ ಮಗುವಿನ ಚಡ್ಡಿಯ ಮೇಲೆ ಹಿಟ್ಟಿನ ಕಂಪನಿಯ ಹೆಸರು ಉಳಿಯುತ್ತಿತ್ತು. ದೊಡ್ಡವರ ಒಂದು ಉಡುಪಿಗೆ ಸುಮಾರು ಮೂರು ಚೀಲ. ಹೂವಿನ ಅಚ್ಚಿನ ಚೀಲಗಳು ಬಂದಮೇಲೆ ಮೂರೂ ಒಂದೇ ಹೂವಿನದಾಗಬೇಕು; ಗಂಡ ಅಂಗಡಿಯಿಂದ ಬೇರೆಯದನ್ನು ತಂದರೆ ಅಂಗಿ ಅಲ್ಲಿಗೇ ನಿಂತಿತು. ಇದು ಸಂಸಾರ ಬಾರದವರ ಕೆಲಸವೇ?

ಚಳಿಗಾಲದ ಊಟ ಮೆಕ್ಕೆಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿಕೊಬ್ಬು, ಕಾಕಂಬಿ. ಇದರಿಂದಲೇ ಪೆಲಗ್ರ ಎಂಬ ಕಾಯಿಲೆ: ಬಿಸಿಲು ಬಿದ್ದ ಚರ್ಮ ಸುಟ್ಟಂತಾಗುವುದು, ಭೇದಿ, ಬುದ್ಧಿಭ್ರಮೆ. ಡಾ. ಜೋಸೆಫ್ ಗೋಲ್ಡ್‌ಬರ್ಗರ್ 1915ರಲ್ಲಿ ಮಿಸಿಸಿಪಿಯ ಕೈದಿಗಳಿಗೆ ಇಂಥದೇ ಊಟ ಕೊಟ್ಟು, 11 ಜನರಲ್ಲಿ ಆರು ಮಂದಿಗೆ ಕಾಯಿಲೆ ಬಂದದ್ದನ್ನು ತೋರಿಸಿದ್ದರು. ಬರೀ ಜೋಳ ಉಣ್ಣುತ್ತಿದ್ದ ನಮ್ಮ ದಖ್ಖನಿನ ಬಡವರಲ್ಲೂ ಅದು ಕಂಡಿತ್ತು, ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಅದರ ಕಾರಣ ಹುಡುಕಿದರು. ಆದರೂ ಪೌಷ್ಟಿಕ ಆಹಾರದ ಉಪದೇಶ ಇಂದಿಗೂ ತಾಯಂದಿರಿಗೇ. ತಟ್ಟೆಯಲ್ಲಿ ಏನಿರಬೇಕೆಂದು ತೀರ್ಮಾನಿಸುವ ಸಾಲದ ಖಾತೆಯನ್ನು ಯಾರೂ ತೆರೆಯುವುದಿಲ್ಲ.

ಸರ್ಕಾರವೂ ತೆರೆಯಲಿಲ್ಲ. ಬೆಲೆ ಏರಿಸಲೆಂದು 1933ರಲ್ಲಿ ಸುಮಾರು ಒಂದು ಕೋಟಿ ಎಕರೆ ಹತ್ತಿಯನ್ನು ಉತ್ತುಹಾಕಿಸಿ ಪರಿಹಾರ ಕೊಟ್ಟಿತು. ಚೆಕ್ಕು ಬಂದದ್ದು ಧಣಿಯ ಕೈಗೆ. ಕೋರಿನವನ ಪಾಲು ಎಷ್ಟೋ ಕಡೆ ಅಲ್ಲೇ ನಿಂತಿತು. ಬಿತ್ತನೆ ಕಡಿಮೆಯಾದ್ದರಿಂದ ಎಷ್ಟೋ ಸಂಸಾರಗಳನ್ನು ಹೊಲದಿಂದಲೇ ಎಬ್ಬಿಸಿದರು. ಅರ್ಕನ್ಸಾದ ಟೈರೊಂಝಾ ಎಂಬ ಸಣ್ಣ ಊರಿನಲ್ಲಿ 1934ರ ಜುಲೈನಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಕೂತು ಗೇಣಿದಾರರ ಸಂಘ ಕಟ್ಟಿದ್ದು ಇದನ್ನು ಕೇಳಲಿಕ್ಕೇ.