ತಾಯಿಯ ಮರೆವು ಮಗಳಿಗೂ ಬರುವುದೇ?

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: "ನನ್ನ ತಾಯಿಗೆ 79ನೆಯ ವಯಸ್ಸಿನಲ್ಲಿ ಆಲ್‌ಝೈಮರ್ ಕಾಯಿಲೆ ಶುರುವಾಯಿತು. ಕೊನೆಗೆ ನನ್ನನ್ನೇ ಯಾರೆಂದು ಕೇಳುತ್ತಿದ್ದರು. ನನಗೀಗ 66. ರಕ್ತದಲ್ಲೇ ಬರುವ ಕಾಯಿಲೆಗೆ ನಡೆದು ಏನು ಪ್ರಯೋಜನ ಎಂದು ಮನೆಯವರು ಕೇಳುತ್ತಾರೆ. ಪುಣೆಯಲ್ಲಿರುವ ಮಗಳು ಜೀನ್ ಪರೀಕ್ಷೆ ಮಾಡಿಸಿಕೊಳ್ಳಲೇ ಎನ್ನುತ್ತಾಳೆ."

ಮಾನ್ಯರೇ,

ಹೆತ್ತ ತಾಯಿಯ ಬಾಯಿಂದ ಆ ಪ್ರಶ್ನೆ ಕೇಳಿಸಿಕೊಂಡವರಿಗೆ ಒಂದು ಹೆಸರು ಥಟ್ಟನೆ ನೆನಪಾಗದಿದ್ದರೂ ಎದೆ ಧಸಕ್ಕೆನ್ನುವುದು ಸಹಜ. ಅರವತ್ತಕ್ಕೆ ಅರಳು ಮರಳು ಎಂಬ ನಮ್ಮ ಹಳೆಯ ಗಾದೆ ಈ ಭಯವನ್ನು ಇನ್ನಷ್ಟು ಬೆಳೆಸಿದೆ. ಹೆಸರು ತಡವಾಗಿ ನೆನಪಿಗೆ ಬರುವುದು ವಯಸ್ಸಿನ ಲಕ್ಷಣ; ದಿನವೂ ಓಡಾಡಿದ ದಾರಿಯೇ ತಪ್ಪತೊಡಗಿದರೆ ವೈದ್ಯರನ್ನು ಕಾಣಬೇಕು.

ವಂಶವಾಹಿಗೆ ಪಾತ್ರವಿದೆ ಎಂಬುದು ನಿಜ. ದೇಹದಲ್ಲಿ ಕೊಬ್ಬಿನ ಸಾಗಾಟಕ್ಕೆ ನೆರವಾಗುವ ಪ್ರೋಟೀನೊಂದನ್ನು ತಯಾರಿಸುವ ಎಪಿಒಇ ಎಂಬ ಜೀನ್ ನಮ್ಮ 19ನೆಯ ವರ್ಣತಂತುವಿನಲ್ಲಿದ್ದು, ಅದಕ್ಕೆ ಮುಖ್ಯವಾಗಿ ಮೂರು ರೂಪಗಳಿವೆ. ಇ4 ಎಂಬ ರೂಪಕ್ಕೂ ಇಳಿವಯಸ್ಸಿನ ಆಲ್‌ಝೈಮರ್‌ಗೂ ಇರುವ ನಂಟು 1993ರಲ್ಲಿ ಬೆಳಕಿಗೆ ಬಂತು. ತಂದೆ ತಾಯಿಯರಲ್ಲಿ ಒಬ್ಬರಿಂದ ಇ4 ಬಂದಿದ್ದರೆ ಅಪಾಯ ಹೆಚ್ಚುತ್ತದೆ, ಇಬ್ಬರಿಂದಲೂ ಬಂದಿದ್ದರೆ ಇನ್ನೂ ಬಹಳ ಹೆಚ್ಚುತ್ತದೆ. ಹಾಗಿದ್ದೂ ಒಂದು ಇ4 ಹೊತ್ತವರಲ್ಲಿ ಅನೇಕರು ಕೊನೆಯವರೆಗೂ ನೆನಪು ಕಳೆದುಕೊಳ್ಳುವುದಿಲ್ಲ, ಇ4 ಇಲ್ಲದ ಅನೇಕರಿಗೆ ಈ ಕಾಯಿಲೆ ಬರುತ್ತದೆ. ತಮ್ಮ ತಾಯಿಯವರಲ್ಲಿ ಆ ರೂಪವಿತ್ತೇ ಎಂಬುದೂ ಪತ್ರದಿಂದ ತಿಳಿಯದು. ಇದ್ದಿದ್ದರೂ, ಒಂದೇ ಪ್ರತಿ ಇದ್ದ ಪಕ್ಷದಲ್ಲಿ, ಅದು ತಮಗೆ ಬಂದಿರುವ ಸಂಭವ ಅರ್ಧದಷ್ಟು ಮಾತ್ರ.

ಈಗ ನಡಿಗೆಯ ಮಾತು. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇಲ್ಲದ 120 ಮಂದಿ ಹಿರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಮೂರು ದಿನ ನಡಿಗೆಯನ್ನೂ, ಅದನ್ನು ಕ್ರಮೇಣ 40 ನಿಮಿಷಕ್ಕೆ ಏರಿಸಿ, ಇನ್ನೊಂದಕ್ಕೆ ಮೈ ಸಡಿಲಿಸುವ ವ್ಯಾಯಾಮವನ್ನೂ ವರ್ಷವಿಡೀ ಮಾಡಿಸಲಾಯಿತು. ನಡೆದವರ ಮಿದುಳಿನಲ್ಲಿ ನೆನಪಿಗೆ ನೆಲೆಯಾದ ಹಿಪೊಕ್ಯಾಂಪಸ್ಸಿನ ಮುಂಭಾಗ ಸುಮಾರು ಶೇ. 2ರಷ್ಟು ಹಿಗ್ಗಿತು, ಉಳಿದವರಲ್ಲಿ ಅದು ಕುಗ್ಗಿತು. ಆದರೆ ನೆನಪಿನ ಪರೀಕ್ಷೆಯಲ್ಲಿ ಎರಡೂ ಗುಂಪಿನವರು ಸುಧಾರಿಸಿದರು ಎಂಬುದನ್ನು ಮುಚ್ಚಿಡಬಾರದು. ನಡಿಗೆಯನ್ನು ರಾಮಬಾಣವೆಂದು ಹೊಗಳುವ ಬರಹಗಳು ಈ ಮಾತನ್ನು ಬಿಟ್ಟುಬಿಡುವುದು ನನಗೆ ಸರಿಕಾಣುವುದಿಲ್ಲ.

ತಮ್ಮ ಮನೆಯವರಿಗೆ ನಾನು ಹೇಳಬಯಸುವುದು ಫಿನ್‌ಲೆಂಡಿನ ವಿಷಯ. ಅಲ್ಲಿ 60ರಿಂದ 77ರ ವಯಸ್ಸಿನ, ಮರೆವಿನ ಅಪಾಯ ಹೆಚ್ಚಿದ್ದ 1,260 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಎರಡು ವರ್ಷ ವ್ಯಾಯಾಮ, ಆಹಾರಕ್ರಮ, ಬುದ್ಧಿಗೆ ಕಸರತ್ತು, ರಕ್ತದೊತ್ತಡದ ನಿಗಾ ಇವೆಲ್ಲವನ್ನೂ ಒಟ್ಟಿಗೆ ಕೊಟ್ಟಾಗ ಅವರ ಗ್ರಹಣಶಕ್ತಿ ಇತರರಿಗಿಂತ ಮೇಲಾಗಿತ್ತು. ಮುಂದೆ ಲೆಕ್ಕ ಹಾಕಿದಾಗ ಇ4 ಹೊತ್ತವರಿಗೂ ಆ ಲಾಭ ದಕ್ಕಿತ್ತು. ರಕ್ತದಲ್ಲಿ ಬಂದದ್ದಕ್ಕೆ ನಡಿಗೆಯಿಂದೇನು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನ ಬಳಿ ಇಲ್ಲ.

ಆದ್ದರಿಂದ ನಡೆಯುವುದನ್ನು ದಯವಿಟ್ಟು ಬಿಡಬೇಡಿ. ವಾರಕ್ಕೆ 150 ನಿಮಿಷದ ಚುರುಕು ನಡಿಗೆ ಹಿರಿಯರಿಗೂ ಸಲ್ಲುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಜಾರುವ ರಸ್ತೆಗಿಂತ ಕಟ್ಟಡದ ಪಡಸಾಲೆಯೇ ವಾಸಿ. ಜೊತೆಗೊಬ್ಬ ಗೆಳತಿ ಇದ್ದರೆ ಮಾತೂ ಆಯಿತು. ಒಂಟಿತನವೂ ಮರೆವಿನ ಅಪಾಯವನ್ನು ಹೆಚ್ಚಿಸುತ್ತದೆ. ಬಿಪಿ, ಸಕ್ಕರೆ, ಕಿವಿ ಕೇಳಿಸುವಿಕೆ ಇವುಗಳನ್ನೂ ಪರೀಕ್ಷಿಸಿಕೊಳ್ಳಿ.

ಮಗಳ ಪ್ರಶ್ನೆಗೆ ಬಂದರೆ, ಈ ಪರೀಕ್ಷೆಯನ್ನು ಈಗ ಮಾಡಿಸುವ ಅಗತ್ಯ ನನಗೆ ಕಾಣುವುದಿಲ್ಲ. ಅದು ಸಂಭವವನ್ನಷ್ಟೇ ಹೇಳುತ್ತದೆ, ಮತ್ತು ಒಮ್ಮೆ ತಿಳಿದದ್ದನ್ನು ಮತ್ತೆ ತಿಳಿಯದಂತೆ ಮಾಡಲಾಗದು. ತಂದೆ ತಾಯಿಗಳಿಂದ ನೇರವಾಗಿ ಇಳಿದುಬರುವ ಅಪರೂಪದ ಬಗೆಯೊಂದಿದೆ, ಆದರೆ ಅದು ಸಾಮಾನ್ಯವಾಗಿ 65ಕ್ಕಿಂತ ಮೊದಲೇ ತಲೆದೋರುತ್ತದೆ. ಅಜ್ಜಿಗೆ ಕಾಯಿಲೆ ಶುರುವಾದದ್ದು 79ರಲ್ಲಿ ಎಂಬುದನ್ನು ಮಗಳಿಗೆ ತಿಳಿಸಿ. ಆಗಲೂ ಪರೀಕ್ಷೆ ಬೇಕೆಂದರೆ, ವಂಶವಾಹಿ ಸಲಹೆ ನೀಡುವ ವೈದ್ಯರ ಬಳಿ ತಾವೂ ಅವಳ ಜೊತೆ ಹೋಗಿ ಕುಳಿತುಕೊಳ್ಳಿ.

— ಸಂಪಾದಕ